ಊರೂರು ತಿರುಗೋ ಕೆಲಸದೋರು ಹಗುರ ಲ್ಯಾಪ್‌ಟಾಪ್ ಹೆಂಗೆ ಆರಿಸ್ಕೋಬೇಕು

ಹೊಸ ಲ್ಯಾಪ್‌ಟಾಪ್ ನೋಡೋಕೆ ಅಂಗಡಿಗೆ ಹೋಗೋ ಮುಂಚೆ ಒಂದು ಕೆಲಸ ಮಾಡ್ರಿ. ಈಗ ಹೊತ್ಕೊಂಡು ಓಡಾಡ್ತಿರೋ ಬ್ಯಾಗನ್ನ ಏನೂ ತೆಗೀದೆ ಹಂಗೇ ತಗೊಂಡೋಗಿ ಕಿರಾಣಿ ಅಂಗಡಿ ತಕ್ಕಡಿ ಮೇಲೆ ಇಡ್ರಿ. ನಾನು ದಾವಣಗೆರೆ ನಿಟ್ಟುವಳ್ಳಿಲಿ ನಮ್ಮ ಮಾವನ ಅಂಗಡಿಲಿ, ಸಕ್ಕರೆ ಬೆಲ್ಲ ತೂಗೋ ತಕ್ಕಡಿ ಮೇಲೆ ಒಂದೊಂದೇ ಇಟ್ಟು ನೋಡಿದ್ದೆ. 15.6 ಇಂಚಿನ ಲ್ಯಾಪ್‌ಟಾಪು 1 ಕೆಜಿ 940 ಗ್ರಾಂ, ಚಾರ್ಜರು ವೈರ್ ಸಮೇತ 420, ಮೌಸು 90, ಖಾಲಿ ಬ್ಯಾಗೇ 900. ಒಟ್ಟು 3 ಕೆಜಿ 350 ಗ್ರಾಂ, ಇನ್ನೂ ಫೈಲು, ನೀರಿನ ಬಾಟಲಿ, ಊಟದ ಡಬ್ಬಿ ಹಾಕೇ ಇಲ್ಲ. ಮಾವ ನೋಡಿ, ಮೂರು ಕೆಜಿ ಸಕ್ಕರೆ ದಿನಾ ಬೆನ್ನಿಗೆ ಕಟ್ಕೊಂಡು ಹೋಗ್ತೀಯಲ್ಲೋ ಅಂದ್ರು. ಬೆನ್ನುನೋವು ಯಾಕೆ ಬಿಡ್ತಿಲ್ಲ ಅಂತ ಅವತ್ತು ಗೊತ್ತಾಯ್ತು.

ನಂದು ಅಕೌಂಟ್ಸು, ಜಿಎಸ್‌ಟಿ ಕೆಲಸ. ಆಫೀಸು ದಾವಣಗೆರೆಲಿ, ಆದ್ರೆ ವಾರದಲ್ಲಿ ನಾಲ್ಕು ದಿನ ಹರಿಹರದ ಪಾರ್ಟಿ, ಚಳ್ಳಕೆರೆ ಎಣ್ಣೆ ಮಿಲ್ಲು, ಹಿರಿಯೂರು, ಚಿತ್ರದುರ್ಗ ಅಂತ ತಿರುಗಾಟ, ತಿಂಗಳಿಗೆ ಎರಡು ಸಲ ಬೆಂಗಳೂರು. ಈ ಥರ ಓಡಾಡೋರಿಗೆ ನಾನು ಹೇಳೋದು ಒಂದೇ, ಡಬ್ಬದ ಮೇಲಿರೋ ತೂಕ ನೋಡಿ ತಗೋಬೇಡ್ರಿ, ಹೆಗಲ ಮೇಲೆ ಬೀಳೋ ತೂಕ ನೋಡಿ ತಗೊಳ್ರಿ. ಲ್ಯಾಪ್‌ಟಾಪ್ 1.1 ಕೆಜಿ ಅಂತಾರೆ, ಆದ್ರೆ ಅದಕ್ಕೆ ಚಾರ್ಜರು, ಅಡಾಪ್ಟರು, ಹಬ್ಬು, ಇನ್ನೊಂದು ವೈರು ಅಂತ ಸೇರಿಸ್ತಾ ಹೋದ್ರೆ ಮತ್ತೆ ಎರಡು ಕೆಜಿ ಹತ್ರ ಬಂದುಬಿಡುತ್ತೆ. ಈಗ ನಂದು ಲ್ಯಾಪ್‌ಟಾಪು 1 ಕೆಜಿ 180, ಚಾರ್ಜರು ಕೇಬಲ್ ಸೇರಿ 170, ಮೌಸು ಅದೇ 90, ಬ್ಯಾಗು 600 ಗ್ರಾಂದು. 2 ಕೆಜಿ 40 ಗ್ರಾಂಗೆ ಎಲ್ಲಾ ಮುಗೀತು. ಗಮನಿಸ್ರಿ, ಇಳಿದ ತೂಕದಲ್ಲಿ ಅರ್ಧ ಕೆಜಿಗಿಂತ ಜಾಸ್ತಿ ಲ್ಯಾಪ್‌ಟಾಪಿಂದಲ್ಲ, ಚಾರ್ಜರು ಮತ್ತೆ ಬ್ಯಾಗಿಂದ.

ಸೈಜಿನ ವಿಷ್ಯಕ್ಕೆ ಬಂದ್ರೆ 14 ಇಂಚು ಸಾಕು. 13 ಇಂಚಲ್ಲಿ ಎಕ್ಸೆಲ್ ಶೀಟು ನೋಡಿ ನೋಡಿ ಕಣ್ಣು ಸೋಲುತ್ತೆ, 15.6 ಬಸ್ಸಿನ ಸೀಟಲ್ಲಿ ತೊಡೆ ಮೇಲೆ ಇಟ್ಕೊಂಡ್ರೆ ಮುಂದಿನ ಸೀಟಿನೋರು ಹಿಂದಕ್ಕೆ ಒರಗಿದ ತಕ್ಷಣ ಸ್ಕ್ರೀನು ಬಗ್ಗಿಹೋಗುತ್ತೆ. ಸ್ಕ್ರೀನು 16:10 ಅಳತೆದು, ಅಂದ್ರೆ 1920 ಬೈ 1200 ಇರೋದು ನೋಡ್ರಿ, ಹಳೇ 1920 ಬೈ 1080ಕ್ಕಿಂತ ಎತ್ತರದಲ್ಲಿ ಸ್ವಲ್ಪ ಜಾಸ್ತಿ ಸಿಗುತ್ತೆ, ಲೆಡ್ಜರಲ್ಲಿ ನಾಲ್ಕೈದು ಸಾಲು ಹೆಚ್ಚು ಕಾಣುತ್ತೆ. ಹೊಳಪು ಎಷ್ಟು ನಿಟ್ಸ್ ಅಂತ ಕೇಳಲೇಬೇಕು. 250 ನಿಟ್ಸ್ ಸ್ಕ್ರೀನು ಅಂಗಡಿ ಒಳಗೆ ಚೆನ್ನಾಗೇ ಕಾಣುತ್ತೆ, ಆದ್ರೆ ಚಿತ್ರದುರ್ಗ ದಾಟಿ ಗಾಳಿಗಿರಣಿ ಗುಡ್ಡ ಕಾಣೋ ಹೊತ್ತಿಗೆ ಕಿಟಕಿಯಿಂದ ಬಿಸಿಲು ಬಿತ್ತು ಅಂದ್ರೆ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣಲ್ಲ. 300 ಕನಿಷ್ಠ, 400 ಇದ್ರೆ ನೆಮ್ಮದಿ, ಜೊತೆಗೆ ಹೊಳೆಯೋ ಗ್ಲಾಸಲ್ಲ, ಮ್ಯಾಟ್ ಫಿನಿಶ್. ಓಎಲ್‌ಇಡಿ ಬಣ್ಣ ಚೆನ್ನಾಗಿರುತ್ತೆ ನಿಜ, ಆದ್ರೆ ನಮ್ಮ ಕೆಲಸ ದಿನವೆಲ್ಲಾ ಬಿಳೀ ಶೀಟಲ್ಲೇ, ಬಿಳೀ ಪುಟ ಜಾಸ್ತಿ ಇದ್ದಷ್ಟೂ ಓಎಲ್‌ಇಡಿ ಬ್ಯಾಟರಿ ಜಾಸ್ತಿ ತಿನ್ನುತ್ತೆ.

ಅಕೌಂಟ್ಸಿನೋರಿಗೆ ಒಂದು ಮಾತು. ಹಗುರವಾದ 14 ಇಂಚಿನ ಲ್ಯಾಪ್‌ಟಾಪಲ್ಲಿ ಬಲಗಡೆ ನಂಬರ್ ಪ್ಯಾಡ್ ಇರಲ್ಲ. ವೋಚರ್ ಎಂಟ್ರಿ ಮಾಡೋ ಕೈಗೆ ಮೊದಲ ತಿಂಗಳು ಹಿಂಸೆ ಆಗುತ್ತೆ. ನಾನು ಆಫೀಸಲ್ಲಿ ಒಂದು ವೈರ್‌ಲೆಸ್ ನಂಬರ್ ಪ್ಯಾಡ್ ಇಟ್ಟಿದೀನಿ, ತಿರುಗಾಟದಲ್ಲಿ ಮೇಲಿನ ಸಾಲೇ ರೂಢಿ ಮಾಡ್ಕೊಂಡೆ. ಅದು ಬೇಕೇ ಬೇಕು ಅನ್ನೋರಿಗೆ ಎಲ್‌ಜಿ ಗ್ರಾಮ್ 16 ಇಂಚಿಂದು ಇದೆ, ನಂಬರ್ ಪ್ಯಾಡ್ ಇದ್ದೂ 1.2 ಕೆಜಿ ಆಸುಪಾಸು, ಆದ್ರೆ ಬ್ಯಾಗು ದೊಡ್ಡದು ಬೇಕಾಗುತ್ತೆ.

ಬ್ಯಾಟರಿ ವಿಷ್ಯದಲ್ಲೇ ಜನ ಜಾಸ್ತಿ ಮೋಸ ಹೋಗೋದು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. 18 ಗಂಟೆ, 20 ಗಂಟೆ ಅಂತ ಜಾಹೀರಾತಲ್ಲಿ ಬರೆಯೋದು ಸಾಮಾನ್ಯವಾಗಿ ಹೊಳಪು ಕಮ್ಮಿ ಮಾಡಿ ಬರೀ ವಿಡಿಯೋ ಓಡಿಸಿ ಅಳೆದ ಲೆಕ್ಕ. ನೀವು ಕೇಳಬೇಕಾಗಿದ್ದು ವ್ಯಾಟ್ ಅವರ್ (Wh), ಅಂದ್ರೆ ಬ್ಯಾಟರಿಲಿ ಎಷ್ಟು ಕರೆಂಟ್ ತುಂಬುತ್ತೆ ಅನ್ನೋ ಲೆಕ್ಕ. 56 ವ್ಯಾಟ್ ಅವರ್ ಬ್ಯಾಟರಿ ಇದೆ ಅಂತ ಇಟ್ಕೊಳ್ರಿ, ನಿಮ್ಮ ಕೆಲಸಕ್ಕೆ ಲ್ಯಾಪ್‌ಟಾಪು ಸರಾಸರಿ 8 ವ್ಯಾಟ್ ಎಳೆದ್ರೆ 7 ಗಂಟೆ, 14 ವ್ಯಾಟ್ ಎಳೆದ್ರೆ 4 ಗಂಟೆ. ಅಷ್ಟೇ ಗಣಿತ. ಹಾಗಾಗಿ ಬ್ಯಾಟರಿ ಎಷ್ಟು ದೊಡ್ಡದು ಅನ್ನೋದರ ಜೊತೆಗೆ ಪ್ರೊಸೆಸರ್ ಎಷ್ಟು ತಿನ್ನುತ್ತೆ ಅನ್ನೋದನ್ನೂ ನೋಡಬೇಕು. ಇಂಟೆಲ್ಲಿನಲ್ಲಿ ಹೆಸರಿನ ಕೊನೆಗೆ ಯು ಅಥವಾ ವಿ ಇರೋದು, ರೈಜನ್‌ನಲ್ಲಿ ಯು ಇರೋದು ಓಡಾಡೋರಿಗೆ ಸರಿ. ಎಚ್ ಅಂತ ಇರೋದು ಜೋರಾಗಿ ಓಡುತ್ತೆ, ಬಿಸಿಯಾಗುತ್ತೆ, ಫ್ಯಾನು ಗುಂಯ್ ಅನ್ನುತ್ತೆ, ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರಿಗೆ, ಎಕ್ಸೆಲ್‌ಗೆ ಅದು ಬೇಡವೇ ಬೇಡ. ಇನ್ನು ಎರಡು ವರ್ಷ ಆದ್ಮೇಲೆ ಬ್ಯಾಟರಿ ಹೊಸದರಲ್ಲಿದ್ದಷ್ಟು ಇರಲ್ಲ, ಹೊಸದರಲ್ಲೇ ಐದು ಗಂಟೆ ಬರೋದು ಆಮೇಲೆ ನಾಲ್ಕಕ್ಕೆ ಇಳಿಯುತ್ತೆ, ಆಗ ದಾವಣಗೆರೆಯಿಂದ ಬೆಂಗಳೂರಿನ 260 ಕಿಲೋಮೀಟರ್ ಬಸ್ಸಲ್ಲಿ ತುಮಕೂರು ದಾಟೋ ಮುಂಚೆನೇ ಕೆಂಪು ಲೈಟು.

ಚಾರ್ಜರು ಟೈಪ್ ಸಿ ಆಗಿರಲೇಬೇಕು, ಇದರಲ್ಲಿ ರಾಜಿ ಬೇಡ. ಗುಂಡು ಪಿನ್ನಿನ ಇಟ್ಟಿಗೆಯಂಥ ಚಾರ್ಜರ್ ಇರೋದು ಎಷ್ಟೇ ಡಿಸ್ಕೌಂಟ್ ಕೊಟ್ರೂ ಬಿಟ್ಟುಬಿಡ್ರಿ. 65 ವ್ಯಾಟಿನ ಗ್ಯಾನ್ (GaN, ಚಿಕ್ಕದಾಗಿ ಹಗುರವಾಗಿರೋ ಥರದ್ದು) ಚಾರ್ಜರ್ ಒಂದು ತಗೊಂಡ್ರೆ ಫೋನಿಗೂ ಲ್ಯಾಪ್‌ಟಾಪಿಗೂ ಅದೇ ಆಗುತ್ತೆ, ಮರೆತು ಬಂದ್ರೂ ಯಾವ ಊರಲ್ಲಾದ್ರೂ ಇನ್ನೊಂದು ಸಿಗುತ್ತೆ. ಒಂದೇ ತೊಂದರೆ, ಈ ಚಾರ್ಜರು ನೇರ ಪ್ಲಗ್ಗಿಗೇ ಜೋತು ಬೀಳುತ್ತಲ್ಲ, ರೈಲಲ್ಲಿ ಲಾಡ್ಜಲ್ಲಿ ಸಾಕೆಟ್ಟು ಸಡಿಲ ಇದ್ರೆ ಅಲ್ಲಾಡಿ ಅಲ್ಲಾಡಿ ಬಿದ್ದುಹೋಗುತ್ತೆ, ಅದಕ್ಕೆ ಎರಡು ಮೀಟರಿನ ಉದ್ದ ಕೇಬಲ್ ಇಟ್ಕೊಳ್ರಿ. ಮೆಟಲ್ ಬಾಡಿ ಲ್ಯಾಪ್‌ಟಾಪಿಗೆ ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಅಂಗೈಗೆ ಸಣ್ಣಗೆ ಜುಮ್ ಅನ್ನಬಹುದು, ಅದು ಅರ್ತಿಂಗ್ ಇಲ್ಲದ್ದಕ್ಕೆ, ಲ್ಯಾಪ್‌ಟಾಪ್ ಕೆಟ್ಟಿದೆ ಅಂತಲ್ಲ. ವಂದೇ ಭಾರತಲ್ಲಿ ಹೋಗೋರಿಗೆ ಸೀಟ್ ಹತ್ರನೇ ಪಾಯಿಂಟ್ ಇದೆ, ಬಸ್ಸಿನೋರಿಗೆ ಪವರ್ ಬ್ಯಾಂಕೇ ಗತಿ. 20,000 ಎಂಎಎಚ್ ಅಂದ್ರೆ 74 ವ್ಯಾಟ್ ಅವರ್, ವಿಮಾನದಲ್ಲಿ 100 ವ್ಯಾಟ್ ಅವರ್ ತನಕ ಬಿಡ್ತಾರೆ, ಆದ್ರೆ ಕೈ ಬ್ಯಾಗಲ್ಲೇ ಇರಬೇಕು, ಚೆಕ್‌ಇನ್ ಲಗೇಜಿಗೆ ಹಾಕಂಗಿಲ್ಲ. ಪವರ್ ಬ್ಯಾಂಕಿಗೆ ಪಿಡಿ, ಅಂದ್ರೆ ಟೈಪ್ ಸಿಲಿ ಜಾಸ್ತಿ ವ್ಯಾಟ್ ಕೊಡೋ ಪವರ್ ಡೆಲಿವರಿ, ಇದ್ದು 45 ವ್ಯಾಟಾದ್ರೂ ಕೊಡಬೇಕು, ಇಲ್ಲಾಂದ್ರೆ ಅದು ಫೋನಿಗೆ ಮಾತ್ರ.

ಪೋರ್ಟುಗಳ ಬಗ್ಗೆ ನಂಗೆ ಪಾಠ ಕಲಿಸಿದ್ದು ಚಳ್ಳಕೆರೆಲಿ. 20ನೇ ತಾರೀಖು, ಜಿಎಸ್‌ಟಿಯ ತಿಂಗಳ ರಿಟರ್ನ್ 3ಬಿ ಹಾಕೋಕೆ ಕೊನೇ ದಿನ, ಜೊತೆಗೆ ಬಂದಿದ್ದ ಹುಡುಗ ಹೊಸದಾಗಿ ತಗೊಂಡಿದ್ದ ತೆಳ್ಳಗಿನ ಲ್ಯಾಪ್‌ಟಾಪ್ ತಂದಿದ್ದ, ನೋಡೋಕೆ ಎಷ್ಟು ಚಂದ ಅಂದ್ರೆ ಮಿಲ್ ಮಾಲೀಕರೂ ಕೈಗೆ ತಗೊಂಡು ನೋಡಿದ್ರು. ಡಿಎಸ್‌ಸಿ ಟೋಕನ್, ಅಂದ್ರೆ ಡಿಜಿಟಲ್ ಸಹಿ ಇರೋ ಪೆನ್‌ಡ್ರೈವ್ ಥರದ್ದು, ಹಾಕೋಣ ಅಂತ ನೋಡಿದ್ರೆ ಅದರಲ್ಲಿ ಎರಡೇ ಎರಡು ಟೈಪ್ ಸಿ ತೂತು, ಟೋಕನ್ ಹಳೇ ದೊಡ್ಡ ಯುಎಸ್‌ಬಿದು. ಅವನು ಅಡಾಪ್ಟರ್ ಹುಡುಕ್ಕೊಂಡು ಪೇಟೆಗೆ ಹೋದ, ಮೊಬೈಲ್ ಅಂಗಡಿಗಳು ಬಾಗಿಲು ಹಾಕ್ತಿದ್ವು, ಕೊನೆಗೆ ಮಿಲ್ಲಿನ ಹಳೇ ಡೆಸ್ಕ್‌ಟಾಪಿಗೆ ಟೋಕನ್ ಡ್ರೈವರ್ ಹಾಕಿ ಫೈಲ್ ಆಗೋ ಹೊತ್ತಿಗೆ ರಾತ್ರಿ 10 ಗಂಟೆ. ಟ್ಯಾಕ್ಸು, ಟೆಂಡರು, ಆಡಿಟ್ಟು ಅಂತ ಡಿಎಸ್‌ಸಿ ಬಳಸೋರು ಒಂದಾದ್ರೂ ದೊಡ್ಡ ಯುಎಸ್‌ಬಿ ಇರೋದೇ ತಗೊಳ್ರಿ, ಪ್ರೆಸೆಂಟೇಶನ್ ಕೊಡೋರಿಗೆ ಪೂರ್ತಿ ಸೈಜಿನ ಎಚ್‌ಡಿಎಂಐ ಬೇಕು. ಬಿಸಿನೆಸ್ ಮಾಡೆಲ್ಲುಗಳಲ್ಲಿ, ಉದಾಹರಣೆಗೆ ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್‌ನಲ್ಲಿ, 1.1 ಕೆಜಿ ಆಸುಪಾಸಿನಲ್ಲೇ ಇವೆರಡೂ ಸಿಗ್ತವೆ, ಹಗುರ ಆಗಬೇಕು ಅಂದ್ರೆ ಪೋರ್ಟ್ ಬಿಡಲೇಬೇಕು ಅಂತೇನಿಲ್ಲ.

ಮ್ಯಾಕ್‌ಬುಕ್ ಏರ್ ಬಗ್ಗೆ ಎಲ್ಲಾರೂ ಕೇಳ್ತಾರೆ. 13 ಇಂಚಿಂದು 1.24 ಕೆಜಿ, ಬ್ಯಾಟರಿ ನಿಜಕ್ಕೂ ಚೆನ್ನಾಗಿದೆ, ಫ್ಯಾನೇ ಇಲ್ಲ ಹಾಗಾಗಿ ಒಳಗೆ ಧೂಳು ಎಳ್ಕೊಳ್ಳಲ್ಲ. ಇಮೇಲು, ಬ್ರೌಸರು, ಮೀಟಿಂಗ್ ಇಷ್ಟೇ ಕೆಲಸ ಇರೋರು ಕಣ್ಮುಚ್ಚಿ ತಗೋಬಹುದು. ಆದ್ರೆ ಟ್ಯಾಲಿ ವಿಂಡೋಸಿಗೆ ಮಾಡಿರೋದು, ಮ್ಯಾಕಲ್ಲಿ ನೇರವಾಗಿ ಓಡಲ್ಲ. ಸ್ನಾಪ್‌ಡ್ರಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳಿಗೂ ಇದೇ ಎಚ್ಚರಿಕೆ, ಬ್ಯಾಟರಿ ಚೆನ್ನಾಗಿ ಬರುತ್ತೆ, ಆದ್ರೆ ಹಳೇ ಪ್ರಿಂಟರು, ಟೋಕನ್ನು ಇಂಥವುಗಳ ಡ್ರೈವರ್ ಸಿಗದೇ ಹೋಗಬಹುದು, ನಿಮ್ಮ ಟೋಕನ್ ತಗೊಂಡೋಗಿ ಅಂಗಡಿಲೇ ಹಾಕಿ ನೋಡ್ರಿ.

ರ‍್ಯಾಮ್ 16 ಜಿಬಿ. ಹಗುರ ಲ್ಯಾಪ್‌ಟಾಪುಗಳಲ್ಲಿ ಬಹುಪಾಲು ರ‍್ಯಾಮು ಬೋರ್ಡಿಗೇ ಬೆಸುಗೆ ಆಗಿರುತ್ತೆ, ಈಗ 8 ತಗೊಂಡು ಮುಂದೆ ಹಾಕಿಸ್ಕೋತೀನಿ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಎಸ್‌ಎಸ್‌ಡಿ 512 ಸಾಕು. ವಿಂಡೋಸ್ ಹೋಮ್ ಅಲ್ಲ, ಪ್ರೊ ಇರೋದು ನೋಡ್ರಿ, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಪೂರ್ತಿ ಇರುತ್ತೆ, ಯಾವತ್ತಾದ್ರೂ ಬ್ಯಾಗು ಬಸ್ಸಲ್ಲೇ ಬಿಟ್ಟು ಇಳಿದ್ರೆ ಲ್ಯಾಪ್‌ಟಾಪ್ ಹೋಗುತ್ತೆ ಬಿಡಿ, ಆದ್ರೆ ನಲವತ್ತು ಪಾರ್ಟಿಗಳ ಲೆಕ್ಕ ಯಾರ ಕೈಗೂ ಸಿಗಬಾರದು.

ಗಟ್ಟಿತನ ಕೈಯಲ್ಲೇ ನೋಡ್ರಿ. ಅಂಗಡಿಲಿ ಲ್ಯಾಪ್‌ಟಾಪಿನ ಒಂದು ಮೂಲೆ ಹಿಡಿದು ಎತ್ತಿ, ಕರಕರ ಅಂದ್ರೆ ಬೇಡ. ಕೀಬೋರ್ಡ್ ಮಧ್ಯ ಬೆರಳಿಂದ ಒತ್ತಿ, ಒಳಗೆ ಹೋದ್ರೆ ಬೇಡ. ಮೆಗ್ನೀಷಿಯಂ, ಕಾರ್ಬನ್ ಫೈಬರ್ ಬಾಡಿ ಹಗುರವೂ ಹೌದು, ಗಟ್ಟಿಯೂ ಹೌದು. ಮಿಲಿಟರಿ ಗ್ರೇಡ್, 810ಎಚ್ ಅಂತ ಸ್ಟಿಕ್ಕರ್ ಇರುತ್ತೆ, ಅದು ಅಮೆರಿಕ ಸೈನ್ಯದ ಪರೀಕ್ಷೆ ಪದ್ಧತಿ, ಅದರಲ್ಲಿ ಯಾವ್ಯಾವ ಪರೀಕ್ಷೆ ಮಾಡಬೇಕು ಅಂತ ಕಂಪನಿನೇ ಆರಿಸ್ಕೊಳ್ಳುತ್ತೆ, ಹಾಗಾಗಿ ಅದನ್ನ ನಂಬಿ ಎತ್ತಿ ಬೀಳಿಸೋಕೆ ಹೋಗಬೇಡ್ರಿ. ಎಪಿಎಂಸಿ ಯಾರ್ಡಲ್ಲಿ ಮೆಕ್ಕೆಜೋಳದ ಸೀಸನ್ನಲ್ಲಿ ಒಂದು ತಾಸು ಕೂತ್ರೆ ಕೀಗಳ ಮೇಲೆ ಹಳದಿ ಪುಡಿ ಕೂತಿರುತ್ತೆ, ಫ್ಯಾನಿನ ತೂತು ತಳದಲ್ಲಿದ್ರೆ ಚೀಲದ ಮೇಲೆ ಇಟ್ಟು ಕೆಲಸ ಮಾಡಬೇಡ್ರಿ, ಒಂದು ರಟ್ಟಾದ್ರೂ ಕೆಳಗೆ ಹಾಕ್ರಿ.

ಸರ್ವಿಸ್ ಬಗ್ಗೆ ಬೆಂಗಳೂರಿನೋರ ಮಾತು ಕೇಳಿ ತಗೋಬೇಡ್ರಿ. ಅಲ್ಲಿ ಮಾರನೇ ದಿನ ಮನೆಗೇ ಬರ್ತಾರೆ ಅಂದ್ರೆ ಇಲ್ಲೂ ಬರ್ತಾರೆ ಅಂತಲ್ಲ. ದುಡ್ಡು ಕೊಡೋ ಮುಂಚೆ ಕಸ್ಟಮರ್ ಕೇರಿಗೆ ಫೋನ್ ಮಾಡಿ 577ರಿಂದ ಶುರುವಾಗೋ ನಿಮ್ಮ ಪಿನ್‌ಕೋಡ್ ಹೇಳಿ, ಆನ್‌ಸೈಟ್ ಇದೆಯಾ, ಎಷ್ಟು ದಿನಕ್ಕೆ ಬರ್ತಾರೆ, ಬ್ಯಾಟರಿಗೆ ವಾರಂಟಿ ಎಷ್ಟು ವರ್ಷ ಅಂತ ಬಾಯಿಬಿಟ್ಟು ಕೇಳ್ರಿ. ಬಿಸಿನೆಸ್ ಮಾಡೆಲ್ಲಿಗೆ ಮೂರು ವರ್ಷದ ಆನ್‌ಸೈಟ್ ಸೇರಿಸ್ಕೊಳ್ಳೋಕೆ ಆಗುತ್ತೆ, ನಾನು ಸೇರಿಸ್ಕೊಂಡೆ, ಆ ದುಡ್ಡಿಗೆ ಬೇಜಾರಿಲ್ಲ.

ಬಜೆಟ್ ಕಮ್ಮಿ ಇದ್ರೆ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಕಂಪನಿಗಳು ಬಳಸಿ ಬಿಟ್ಟ ಡೆಲ್ ಲ್ಯಾಟಿಟ್ಯೂಡು, ಎಚ್‌ಪಿ ಎಲೈಟ್‌ಬುಕ್ಕು, ಥಿಂಕ್‌ಪ್ಯಾಡೇ ವಾಸಿ ಅಂತ ನನ್ನ ಅಭಿಪ್ರಾಯ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಾಲುಸಾಲು ಇಟ್ಟಿರ್ತಾರೆ. ಆದ್ರೆ ಇಂಟೆಲ್ 8ನೇ ಜನರೇಶನ್‌ಗಿಂತ ಹಳೇದು ಮುಟ್ಟಬೇಡ್ರಿ, ಅವಕ್ಕೆ ವಿಂಡೋಸ್ 11 ಸರಿಯಾಗಿ ಸಿಗಲ್ಲ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ. ಅಲ್ಲೇ ನಿಂತು ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ ಅಂತ ಹೊಡೆದು ಒಂದು ಸ್ಪೇಸ್ ಬಿಟ್ಟು ಸ್ಲ್ಯಾಶ್ ಬ್ಯಾಟರಿರಿಪೋರ್ಟ್ (powercfg /batteryreport) ಅಂತ ಹೊಡೀರಿ, ಒಂದು ಫೈಲ್ ಬರುತ್ತೆ, ಅದರಲ್ಲಿ ಡಿಸೈನ್ ಕೆಪಾಸಿಟಿ ಎಷ್ಟು, ಈಗ ಫುಲ್ ಚಾರ್ಜ್ ಎಷ್ಟು ಅಂತ ಎರಡು ಅಂಕಿ ಇರುತ್ತೆ. ಎರಡನೇದು ಮೊದಲನೇದರ 80% ಕೆಳಗೆ ಇದ್ರೆ ಹೊಸ ಬ್ಯಾಟರಿ ದುಡ್ಡು ಕಳೆದು ರೇಟ್ ಮಾತಾಡ್ರಿ.

ಜಿಎಸ್‌ಟಿ ನಂಬರ್ ಇರೋರು ಬಿಲ್ಲಲ್ಲಿ ಅದನ್ನ ಹಾಕಿಸೋಕೆ ಮರೀಬೇಡ್ರಿ, ವ್ಯಾಪಾರಕ್ಕೆ ಬಳಸಿದ್ರೆ 18% ಇನ್‌ಪುಟ್ ಸಿಗುತ್ತೆ, ಅಂದ್ರೆ ಕೊಟ್ಟ ಜಿಎಸ್‌ಟಿನ ನೀವು ಕಟ್ಟೋ ಜಿಎಸ್‌ಟಿಲಿ ಕಳೀಬಹುದು. ಇನ್ಕಂ ಟ್ಯಾಕ್ಸ್ ಲೆಕ್ಕದಲ್ಲಿ ಕಂಪ್ಯೂಟರಿಗೆ ಸವಕಳಿ 40%, ಆದ್ರೆ ಆ ವರ್ಷದಲ್ಲಿ 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅರ್ಧನೇ, ಹಾಗಾಗಿ ದಸರಾ ಆಫರಿಗೆ ಕಾಯೋರು ತಾರೀಖು ಎಣಿಸ್ಕೊಂಡು ಕಾಯ್ರಿ.

ತಂದ ಮೊದಲ ದಿನವೇ ಮಾಡಬೇಕಾದ್ದು ಒಂದಿದೆ. ಮುಚ್ಚಳ ಮುಚ್ಚಿದ್ರೆ ಲ್ಯಾಪ್‌ಟಾಪ್ ಮಲಗಿತು ಅಂತ ನಾವು ಅನ್ಕೋತೀವಿ, ಈಗಿನವು ಪೂರ್ತಿ ಮಲಗಲ್ಲ, ಬ್ಯಾಗಲ್ಲೇ ಎದ್ದು ಅಪ್‌ಡೇಟ್ ಮಾಡ್ತಾ ಕೂರ್ತವೆ. ಒಂದ್ಸಲ ಹಿರಿಯೂರಲ್ಲಿ ಇಳಿದು ಬ್ಯಾಗಿನ ಜಿಪ್ ತೆಗೆದ್ರೆ ಒಳಗಿಂದ ಹಂಚಿನ ಮೇಲಿಂದ ತೆಗೆದ ರೊಟ್ಟಿ ಥರ ಬಿಸಿ ಗಾಳಿ ಬಂತು, 90% ಇದ್ದ ಬ್ಯಾಟರಿ 31ಕ್ಕೆ ಬಂದಿತ್ತು, ಎದುರಿಗೆ ಪಾರ್ಟಿ ಕಾಯ್ತಾ ಕೂತಿದ್ರು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಶನ್ಸ್ ತೆಗೆದು, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅನ್ನೋ ಕಡೆ ಸ್ಲೀಪ್ ಬದಲು ಹೈಬರ್ನೇಟ್ ಇಡ್ರಿ, ಮತ್ತೆ ತೆಗೆದಾಗ ಸ್ವಲ್ಪ ತಡವಾಗಿ ಏಳುತ್ತೆ ಅಷ್ಟೇ. ಬ್ಯಾಗಿಗೆ ಹಾಕೋ ಮುಂಚೆ ಪವರ್ ಲೈಟ್ ಆರಿದೆಯಾ ನೋಡ್ಕೊಂಡು ಜಿಪ್ ಎಳೀರಿ.