ಡಿ13ಎ ಅಂತ ಹೇಳಿ ಕೆಟ್ಟೆ

ಫೋನಿನಲ್ಲಿ ನಾನು ಹೇಳಿದ್ದು ಇಷ್ಟೇ: "ಅಣ್ಣಾ, ಡಿ13ಎ ಟರ್ಬೊ ಕೋರ್ ಒಂದು ಬೇಕು, ರಾತ್ರಿ ಬಸ್ಸಿಗೆ ಹಾಕಿಸಿಬಿಡಿ." ಬೆಂಗಳೂರು ಜೆ.ಸಿ. ರೋಡಿನ ಅಂಗಡಿಯವರು "ಸ್ವಿಫ್ಟ್‌ದಾ?" ಅಂತ ಕೇಳಿದರು. "ಎರ್ಟಿಗಾ. ಇಂಜಿನ್ ಅದೇ ಅಲ್ವಾ, ಕಳಿಸಿ" ಅಂದೆ. ಅವರು ಕಳಿಸಿದರು. ತಪ್ಪು ಅವರದ್ದಲ್ಲ.

ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಡಿ13ಎ ಅನ್ನುವುದು ಇಂಜಿನ್ನಿನ ಕೋಡು. ಟರ್ಬೊ ಅಂದರೆ ಇಂಜಿನ್ ಬಿಡುವ ಹೊಗೆಯಿಂದಲೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ. ಅದರ ಕೋರ್ ಅಂದರೆ ಹೊಗೆಯ ಕಡೆ ಟರ್ಬೈನ್ ಚಕ್ರ, ಗಾಳಿಯ ಕಡೆ ಕಂಪ್ರೆಸರ್ ಚಕ್ರ, ನಡುವೆ ಶಾಫ್ಟು ಇರುವ ತಿರುಳು. ಆ ಎರ್ಟಿಗಾ ಸಕಲೇಶಪುರ ಕಡೆಯದು. ಶಿರಾಡಿ ಘಾಟಿ ಹತ್ತುವಾಗ ಎಳೆಯುವ ಶಕ್ತಿಯೇ ಇಲ್ಲ, ಜೊತೆಗೆ ಸಣ್ಣ ಸಿಳ್ಳೆ ಅಂತ ತಂದು ನಿಲ್ಲಿಸಿದ್ದರು. ಏರ್ ಪೈಪು ಬಿಚ್ಚಿ ಒಳಗೆ ಬೆರಳಿಟ್ಟು ಕಂಪ್ರೆಸರ್ ಚಕ್ರ ಅಲ್ಲಾಡಿಸಿದೆ. ಅಕ್ಕಪಕ್ಕಕ್ಕೆ ಸ್ವಲ್ಪ ಆಟ ಇದ್ದರೆ ಹೆದರಬೇಕಾಗಿಲ್ಲ. ಆಯಿಲ್ ಪ್ರೆಷರ್ ಬಂದಾಗ ಶಾಫ್ಟು ಆಯಿಲ್ ಮೇಲೆ ತೇಲುತ್ತದೆ, ಅದಕ್ಕೆ ಅಷ್ಟು ಜಾಗ ಬೇಕೇ ಬೇಕು. ಆದರೆ ಹಿಂದೆ ಮುಂದೆ ಎಳೆದಾಗ ಬೆರಳಿಗೆ ಟಕ್ ಅಂತ ಗೊತ್ತಾದರೆ ಕೋರ್ ಮುಗಿಯಿತು ಅಂತಲೇ ಲೆಕ್ಕ. ಇದು ಟಕ್ ಅಂತು.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಿಂದ ಪಾರ್ಸೆಲ್ ತಂದು, ಹಳೇ ಕೋರನ್ನೂ ಹೊಸದನ್ನೂ ಟೇಬಲ್ ಮೇಲೆ ಪಕ್ಕಪಕ್ಕ ಇಟ್ಟೆ. ಹಳೇದರಲ್ಲಿ ಟರ್ಬೈನ್ ಚಕ್ರದ ಸುತ್ತ ಸಣ್ಣ ಸಣ್ಣ ರೆಕ್ಕೆಗಳ ಒಂದು ಬಳೆ. ಹೊಸದರಲ್ಲಿ ಬಳೆ ಹೋಗಲಿ, ಅದು ಕೂರುವ ಜಾಗವೇ ಇಲ್ಲ. ನನ್ನ ಹುಡುಗ ಎರಡನ್ನೂ ನೋಡಿದ, ನನ್ನನ್ನೂ ನೋಡಿದ. ಏನೂ ಹೇಳಲಿಲ್ಲ, ಪುಣ್ಯ.

ಆದದ್ದು ಹೀಗೆ. ಫಿಯೆಟ್‌ನಿಂದ ಬಂದ 1248 ಸಿಸಿ ಮಲ್ಟಿಜೆಟ್ ಇಂಜಿನ್ನಿಗೆ ಮಾರುತಿಯಲ್ಲಿ ಡಿ13ಎ ಅಂತ ಹೆಸರು. ಡಿ ಅಂದರೆ ಡೀಸೆಲ್, 13 ಅಂದರೆ 1.3 ಲೀಟರ್, ಎ ಅಂದರೆ ಆವೃತ್ತಿ. ಸ್ವಿಫ್ಟ್, ಡಿಸೈರ್‌ನಲ್ಲಿ ಇದರ ಶಕ್ತಿ 75 ಪಿಎಸ್. ಅಲ್ಲಿರುವುದು ರೆಕ್ಕೆ ಇಲ್ಲದ ಸಾದಾ ಟರ್ಬೊ. ಎರ್ಟಿಗಾ, ಸಿಯಾಜ್, ಬ್ರೆಝಾಗಳಲ್ಲಿ ಅದೇ ಡಿ13ಎ 90 ಪಿಎಸ್ ಕೊಡುತ್ತದೆ. ಅಲ್ಲಿರುವುದು ವಿಜಿಟಿ, ಅಂದರೆ ಅಲ್ಲಾಡುವ ರೆಕ್ಕೆಗಳಿರುವ ಟರ್ಬೊ. ನಿಧಾನದಲ್ಲಿ ಓಡುವಾಗ ರೆಕ್ಕೆಗಳು ಮುಚ್ಚಿಕೊಂಡು ಹೊಗೆಯ ದಾರಿಯನ್ನು ಕಿರಿದು ಮಾಡುತ್ತವೆ. ಹೊಗೆ ರಭಸವಾಗಿ ಚಕ್ರಕ್ಕೆ ಬಡಿಯುತ್ತದೆ. ಇಂಜಿನ್ ಕೋಡು ಈ ಎರಡಕ್ಕೂ ಒಂದೇ. ಕೋಡ್ ಓದಿದ್ದು ಸರಿಯಾಗೇ ಇತ್ತು. ಅದರಲ್ಲಿ ಇಲ್ಲದ್ದನ್ನೂ ನಾನೇ ಸೇರಿಸಿ ಓದಿಬಿಟ್ಟಿದ್ದೆ.

ಪಾರ್ಸೆಲ್ ಎರಡೂ ಕಡೆಯ ದುಡ್ಡು ನನ್ನ ತಲೆಗೆ. ಗಾಡಿಯವರು ತಂಗಿ ಮಗಳ ನಿಶ್ಚಿತಾರ್ಥಕ್ಕೆ ಬಸ್ಸಲ್ಲಿ ಹೋದರು.

ಆಮೇಲೆ ಹಠಕ್ಕೆ ಬಿದ್ದು ಒಂದು ನೋಟ್‌ಬುಕ್ ಇಟ್ಟೆ. ಯಾವ ಕಂಪನಿ ಕೋಡಿನಲ್ಲಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅಂತ ಬರೆಯುತ್ತಾ ಹೋದೆ. ಮೊದಲು ಬಂದವನು ನಿಸ್ಸಾನ್, ಯಾಕೆಂದರೆ ಅವನಷ್ಟು ಬಾಯಿಬಿಟ್ಟು ಹೇಳುವವರು ಬೇರೆ ಇಲ್ಲ. ಎಸ್‌ಆರ್20ಡಿಇಟಿ ತಗೊಳ್ಳಿ. ಎಸ್‌ಆರ್ ಮನೆತನ, 20 ಅಂದರೆ 2.0 ಲೀಟರ್, ಡಿ ಅಂದರೆ ಎರಡು ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟು), ಇ ಅಂದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್, ಟಿ ಅಂದರೆ ಟರ್ಬೊ. ಜಪಾನಿನ ಸ್ಕೈಲೈನ್ ಜಿಟಿ-ಆರ್‌ನ ಆರ್‌ಬಿ26ಡಿಇಟಿಟಿಯಲ್ಲಿ ಟಿ ಎರಡು ಸಲ ಬರುತ್ತದೆ, ಟರ್ಬೊ ಎರಡು ಇರುವುದಕ್ಕೆ. 

ಇದೇ ಬೀಗದ ಕೈ ಟೊಯೊಟಾಗೆ ಹಾಕಿದರೆ ಕೆಟ್ಟಿರಿ. ಹಳೇ ಕ್ವಾಲಿಸ್ ನೆನಪಿದೆಯಾ? ಅದರ ಇಂಜಿನ್ ಹೆಸರು 2ಎಲ್. ಎರಡು ಲೀಟರ್ ಅಂತ ಎಷ್ಟೋ ಮೆಕ್ಯಾನಿಕ್‌ಗಳು ನನ್ನ ಜೊತೆ ಜಗಳಕ್ಕೇ ನಿಂತಿದ್ದಾರೆ. ಇರುವುದು 2446 ಸಿಸಿ. ಆ 2 ಅನ್ನುವುದು ಎಲ್ ಮನೆತನದ ಎರಡನೇ ಇಂಜಿನ್ ಅಂತ ಅಷ್ಟೇ, ಅಳತೆ ಅಲ್ಲ. ಬಿಡದಿಯಲ್ಲಿ 2005ರಿಂದ ತಯಾರಾದ ಇನ್ನೋವಾದ್ದು 2ಕೆಡಿ-ಎಫ್‌ಟಿವಿ, 2494 ಸಿಸಿ. ಫಾರ್ಚುನರ್‌ನ 1ಕೆಡಿ-ಎಫ್‌ಟಿವಿ 2982 ಸಿಸಿ. ಒಂದನೆಯದು ದೊಡ್ಡದು, ಎರಡನೆಯದು ಚಿಕ್ಕದು! ಕ್ರಿಸ್ಟಾ ಬಂದಮೇಲೂ ಅದೇ ಕಥೆ: 1ಜಿಡಿ 2.8, 2ಜಿಡಿ 2.4.

ಟೊಯೊಟಾದಲ್ಲಿ ನಿಜವಾದ ವಿಷಯ ಇರುವುದು ಗೆರೆಯ ಆಚೆ. ಎಫ್ ಅಂದರೆ ಮಿತವ್ಯಯದ ಎರಡು ಕ್ಯಾಮ್ ಹೆಡ್ಡು, ಜಿ ಅಂದರೆ ಜೋರು ಓಡುವ ಹೆಡ್ಡು, ಟಿ ಟರ್ಬೊ, ಇ ಇಂಜೆಕ್ಷನ್, ವಿ ಅಂದರೆ ಕಾಮನ್ ರೈಲ್ ಡೀಸೆಲ್. ಎಟಿಯೋಸ್ ಡೀಸೆಲ್ಲಿನ ಕೋಡ್ ನೋಡಿ: 1ಎನ್‌ಡಿ-ಟಿವಿ. ಎಫ್ ಇಲ್ಲ. ಮೊದಲ ಸಲ ಇದನ್ನು ಗಮನಿಸಿದಾಗ ಹೆಡ್ ಕವರ್ ಬಿಚ್ಚಿದ ಗಾಡಿ ಎದುರಿಗೇ ಇತ್ತು. ಬಗ್ಗಿ ನೋಡಿದೆ, ಒಂದೇ ಕ್ಯಾಮ್. ಸುಮ್ನೆ ಖುಷಿಯಾಯಿತು. ಆದರೆ ಟೊಯೊಟಾ ಟಿಯನ್ನು ಎಣಿಸುವುದಿಲ್ಲ. ಸುಪ್ರಾದ 2ಜೆಝಡ್-ಜಿಟಿಇಗೆ ಟರ್ಬೊ ಎರಡು, ಟಿ ಒಂದೇ.

ಇನ್ನು ಅದೇ 2ಕೆಡಿ-ಎಫ್‌ಟಿವಿ ಇನ್ನೋವಾದಲ್ಲಿ 102 ಪಿಎಸ್, 2.5 ಫಾರ್ಚುನರ್‌ನಲ್ಲಿ 144 ಪಿಎಸ್. ಇನ್ನೋವಾದಲ್ಲಿ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಇಲ್ಲ, ಫಾರ್ಚುನರ್‌ನಲ್ಲಿ ಇದೆ, ಟರ್ಬೊ ಕೂಡ ಬೇರೆ. ಎರ್ಟಿಗಾದ ಕಥೆಯೇ, ಗಾಡಿ ಮಾತ್ರ ದೊಡ್ಡದು. ಡಸ್ಟರ್‌ನ ಕೆ9ಕೆಯಲ್ಲೂ 85 ಮತ್ತು 110 ಅಂತ ಎರಡು ಇವೆ, ಆದರೆ ರೆನೊ ಕೋಡಿನ ಕೊನೆಗೆ ಮೂರಂಕಿಯ ಸಂಖ್ಯೆಯೊಂದನ್ನು ಇಟ್ಟಿರುತ್ತದೆ. ಅದನ್ನು ಬಿಡದೆ ಬರೆದುಕೊಂಡರೆ ಬಚಾವ್. ಹ್ಯುಂಡೈದು ಸುಲಭ: ಡಿ4ಎಫ್‌ಎ ಅಂದರೆ ಡೀಸೆಲ್ ನಾಲ್ಕು ಸಿಲಿಂಡರ್, ಜಿ3ಎಲ್‌ಸಿ ಅಂದರೆ ಪೆಟ್ರೋಲ್ ಮೂರು ಸಿಲಿಂಡರ್. ಎರಡಕ್ಕೂ ಟರ್ಬೊ ಇದೆ, ಕೋಡಿನಲ್ಲಿ ಟಿ ಇಲ್ಲ. ಫೋಕ್ಸ್‌ವ್ಯಾಗನ್ ಮುಂದೆ ಮಾತ್ರ ಕೈಮುಗಿದೆ. ಪೋಲೊ 1.2 ಡೀಸೆಲ್ಲಿನ ಕೋಡು ಸಿಎಫ್‌ಡಬ್ಲ್ಯೂಎ. ಅಕ್ಷರಗಳನ್ನು ಎಷ್ಟು ಕೆದಕಿದರೂ ಅರ್ಥ ಸಿಗುವುದಿಲ್ಲ, ಪಟ್ಟಿ ನೋಡಿಯೇ ತಿಳಿಯಬೇಕು. ಒಂದು ಉಪಕಾರ ಮಾಡಿದ್ದಾರೆ, ಸ್ಟೆಪ್ನಿ ಗುಂಡಿಯಲ್ಲಿ ಕೋಡ್ ಇರುವ ಸ್ಟಿಕ್ಕರ್ ಅಂಟಿಸಿರುತ್ತಾರೆ.

ಡಿಕ್ಕಿಯ ಮೇಲಿನ ಬ್ಯಾಡ್ಜನ್ನು ನಾನು ಈಗ ನಂಬುವುದೇ ಇಲ್ಲ. ಎಸ್-ಕ್ರಾಸ್‌ನ ಡಿಡಿಐಎಸ್ 320 ಅಂದರೆ ಸಿಸಿಯೂ ಅಲ್ಲ, ಪಿಎಸ್ಸೂ ಅಲ್ಲ. 320 ಎನ್ಎಂ ಟಾರ್ಕ್, ಅಂದರೆ ತಿರುಗಿಸುವ ಬಲ.

ಈಗ ನಾನು ಮಾಡುವುದು ಹೀಗೆ. ಗಿರಾಕಿ ಫೋನ್ ಮಾಡಿದ ತಕ್ಷಣ ಆರ್‌ಸಿಯ ಫೋಟೋ ಕೇಳುತ್ತೇನೆ. ಇಂಜಿನ್ ನಂಬರಿನ ಶುರುವಿನಲ್ಲೇ ಸಾಮಾನ್ಯವಾಗಿ ಕೋಡ್ ಸಿಗುತ್ತದೆ, ಡಿ13ಎ, 2ಕೆಡಿ, ಡಿ4ಎಫ್‌ಎ ಹೀಗೆ. ಗಾಡಿ ಬಂದಮೇಲೆ ಬ್ಲಾಕಿನ ಮೇಲಿನ ಅಚ್ಚನ್ನು ಅದಕ್ಕೆ ತಾಳೆ ನೋಡುತ್ತೇನೆ. ಹಳೇ ಇನ್ನೋವಾಗಳಲ್ಲಿ ಇಂಜಿನ್ನೇ ಬದಲಾಗಿರುವುದುಂಟು. ತಾಳೆ ಆಗದಿದ್ದರೆ ಮೊದಲು ಕಾಗದ ಸರಿಮಾಡಿಸಿ ಅಂತ ಹೇಳಿ ಕೈಬಿಡುತ್ತೇನೆ.

ಆಮೇಲೆ ಮುಖ್ಯವಾದದ್ದು, ಟರ್ಬೊದ ತಗಡು. ಕಂಪ್ರೆಸರ್ ಕಡೆಯ ಅಲ್ಯುಮಿನಿಯಂ ಬಾಡಿಗೆ ಸಣ್ಣ ಪ್ಲೇಟ್ ಹೊಡೆದಿರುತ್ತಾರೆ. ಗ್ಯಾರೆಟ್ ಆದರೆ ಆರು ಅಂಕಿ, ಗೆರೆ, ಮತ್ತೆ ನಾಲ್ಕು ಅಂಕಿ. ಟೊಯೊಟಾ ನಂಬರ್ ಆದರೆ 17201ರಿಂದ ಶುರು. ಮಸಿ, ಆಯಿಲ್ ಸೇರಿ ಅದು ಕಾಣಿಸುವುದೇ ಇಲ್ಲ. ಹಳೇ ಟೂತ್‌ಬ್ರಷ್ಷಿಗೆ ಡೀಸೆಲ್ ಹಾಕಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಮೇಲೆ ಸೀಮೆಸುಣ್ಣ ಸವರುತ್ತೇನೆ. ಸುಣ್ಣ ಗೀರಿನೊಳಗೆ ಕೂತು ಅಂಕಿ ಬೆಳ್ಳಗೆ ಏಳುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದು ಫೋಟೋ ತೆಗೆದು ಅಂಗಡಿಗೆ ಕಳಿಸುತ್ತೇನೆ. ಬಾಯಲ್ಲಿ ನಂಬರ್ ಹೇಳುವುದಿಲ್ಲ. 3 ಅಂದದ್ದು 8 ಆಗಲು ಎಷ್ಟು ಹೊತ್ತು?

ತಗಡು ಕಿತ್ತುಹೋಗಿದ್ದರೆ ಟರ್ಬೊವನ್ನು ಹಿಡಿತದಲ್ಲಿಡುವ ಆಕ್ಚುಯೇಟರಿನ ಪೈಪು ಹಿಡಿದು ಹೋಗುತ್ತೇನೆ. ಅದು ವ್ಯಾಕ್ಯೂಮ್ ಕಡೆಗೆ ಹೋಗಿದ್ದರೆ ಬಹುಮಟ್ಟಿಗೆ ವಿಜಿಟಿ. ಟರ್ಬೊದ ಗಾಳಿಯಿಂದಲೇ ಬಂದಿದ್ದರೆ ಸಾದಾ. ಆ ದಿನ ಎರ್ಟಿಗಾದಲ್ಲಿ ಇಷ್ಟನ್ನಾದರೂ ನೋಡಿದ್ದರೆ ಸಾಕಿತ್ತು, ಎರಡು ನಿಮಿಷದ ಕೆಲಸ.

ಹೋದ ತಿಂಗಳು ಒಂದು ಮಾರುತಿ ಫ್ರಾಂಕ್ಸ್ ಸರ್ವಿಸ್‌ಗೆ ಬಂತು. ಹುಡುಗ ಈಗ ಆರ್‌ಸಿ ನೋಡುವುದರಲ್ಲಿ ನನಗಿಂತ ಚುರುಕು. "ಕೆ10ಸಿ, ನಮ್ಮ ಸೆಲೆರಿಯೊ ಇಂಜಿನ್ನೇ ಸರ್" ಅಂತ ಶೆಲ್ಫಿನಿಂದ ಪ್ಲಗ್ಗಿನ ಡಬ್ಬಿ ತೆಗೆದುಕೊಂಡು ಬಂದ. ಅವನು ಹೇಳಿದ್ದು ಸುಳ್ಳಲ್ಲ, ಎರಡಕ್ಕೂ ಕೆ10ಸಿ ಅಂತಲೇ ಹೆಸರು. "ಬಾನೆಟ್ ತೆಗಿ" ಅಂದೆ. ತೆಗೆದ. ಇಂಟರ್‌ಕೂಲರಿನಿಂದ ಬರುವ ದಪ್ಪ ಪೈಪನ್ನು ಒಂದು ಕ್ಷಣ ನೋಡಿದ. ಡಬ್ಬಿಯನ್ನು ಶೆಲ್ಫಿಗೆ ವಾಪಸ್ ಇಟ್ಟು, ಟೂತ್‌ಬ್ರಷ್ ಹುಡುಕಿಕೊಂಡು ಹೋದ.