ಎಳೆಯ ಮಕ್ಕಳಿಗೆ ಕಲಿಕೆಯ ಕಂಪ್ಯೂಟರ್ ಆಟ: ಆರಿಸುವ ಮತ್ತು ಆಡಿಸುವ ಬಗೆ

ಮೂರರಿಂದ ಎಂಟು ವರ್ಷದೊಳಗಿನ ಮಗುವಿಗೆ ಕಲಿಕೆಯ ಆಟವೊಂದನ್ನು ಹಾಕಿಕೊಡುವ ಮುನ್ನ ದೊಡ್ಡವರು ಅದನ್ನು ಒಮ್ಮೆ ತಾವೇ ಆಡಬೇಕು, ಅದೂ ಬೇಕೆಂದೇ ತಪ್ಪಾಗಿ ಆಡಬೇಕು. ಮೂರು ಮಾವಿನಹಣ್ಣು ತೋರಿಸಿ ಎಷ್ಟೆಂದು ಕೇಳಿದರೆ ಐದನ್ನು ಒತ್ತಿ ನೋಡಿ. ಕೆಲವು ಆಟಗಳು ಕರ್ಕಶವಾಗಿ ಸದ್ದು ಮಾಡಿ ಮಗುವನ್ನು ಮತ್ತೆ ಮೊದಲಿನ ಜಾಗಕ್ಕೆ ತಳ್ಳುತ್ತವೆ. ಕೆಲವು ಏನೂ ಆಗಿಲ್ಲವೆಂಬಂತೆ ಚಪ್ಪಾಳೆ ತಟ್ಟಿ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತವೆ. ಇನ್ನು ಕೆಲವು ಹಣ್ಣುಗಳನ್ನು ಅಲ್ಲಿಯೇ ಉಳಿಸಿಕೊಂಡು ಸುಮ್ಮನೆ ಕಾಯುತ್ತವೆ; ಮಗು ಮತ್ತೊಮ್ಮೆ ಎಣಿಸಲು ಅವಕಾಶ ಕೊಡುತ್ತವೆ. ಮನೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಈ ಕೊನೆಯ ಬಗೆಯ ಆಟಗಳನ್ನು ಮಾತ್ರ. ಬಣ್ಣ, ಸಂಗೀತ, ಕುಣಿಯುವ ಗೊಂಬೆಗಳ ಲೆಕ್ಕವೆಲ್ಲ ಆಮೇಲಿನದು.

ಇದು ನನಗೆ ಮನದಟ್ಟಾದದ್ದು ಬಾಗಲಕೋಟೆಯ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ. ಒಂದನೆಯ ತರಗತಿಯ ನೆರೆಮನೆಯ ಹುಡುಗಿಯೊಬ್ಬಳು ನಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಎಣಿಕೆಯ ಆಟ ಆಡುತ್ತಿದ್ದಳು. ತೆರೆಯ ತುಂಬ ಬೇರೆ ಬೇರೆ ಹಣ್ಣುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಒಂದೊಂದು ಜಾತಿಯವು ಎಷ್ಟಿವೆ ಎಂದು ಹೇಳಬೇಕಿತ್ತು. ಏಳು ಇದ್ದ ಕಡೆ ಅವಳು ಮತ್ತೆ ಮತ್ತೆ ಎಂಟನ್ನೇ ಒತ್ತುತ್ತಿದ್ದಳು, ಏಕೆಂದರೆ ಸುತ್ತು ಹಾಕಿ ಎಣಿಸುವಾಗ ಮೊದಲು ಮುಟ್ಟಿದ ಹಣ್ಣನ್ನೇ ಕೊನೆಗೂ ಮುಟ್ಟುತ್ತಿದ್ದಳು. ಉತ್ತರ ಹೇಳಿಕೊಡದೆ ಒಂದು ಹಿಡಿ ಶೇಂಗಾ ಬೀಜವನ್ನು ನೆಲದ ಮೇಲೆ ಹರಡಿ, ಎಣಿಸು ಎಂದೆ. ಎಣಿಸಿದ ಬೀಜವನ್ನು ಅವಳು ತಾನಾಗಿಯೇ ಪಕ್ಕಕ್ಕೆ ಸರಿಸುತ್ತ ಹೋದಳು. ನಡುವೆ ಕೈ ತಡೆಯಿತು. ಲ್ಯಾಪ್‌ಟಾಪಿನ ಕಡೆ ತಿರುಗಿ, ಒಂದು ಹಣ್ಣಿನ ಮೇಲೆ ಮೌಸ್ ಒತ್ತಿ ಹಿಡಿದು ಎಳೆದಳು. ಅದು ಸರಿಯಿತು. ಏಳನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿ ಎಣಿಸಿ ಏಳು ಒತ್ತಿದಳು. ಎಣಿಸುವುದೆಂದರೆ ಮೊದಲು ಜೋಡಿಸುವುದು ಎಂದು ಅವಳು ಆ ಸಂಜೆ ಕಂಡುಕೊಂಡಳು. ತಪ್ಪು ಒತ್ತಿದಾಗಲೆಲ್ಲ ಆಟ ಹಣ್ಣುಗಳನ್ನು ಕಿತ್ತುಕೊಂಡು ಹೋಗಿದ್ದರೆ ಆ ಅವಕಾಶವೇ ಅವಳಿಗೆ ಸಿಗುತ್ತಿರಲಿಲ್ಲ.

ಆ ಆಟ ಇರುವುದು ‘ಜಿಕಾಂಪ್ರಿ’ ಎಂಬ ತಂತ್ರಾಂಶದಲ್ಲಿ. ಫ್ರೆಂಚ್ ಭಾಷೆಯಲ್ಲಿ ‘ನನಗೆ ಅರ್ಥವಾಯಿತು’ ಎನ್ನುವ ಮಾತಿನಿಂದ ಈ ಹೆಸರು ಬಂದಿದೆ. 2000ದಲ್ಲಿ ಆರಂಭವಾದ ಇದು ಮುಕ್ತ ತಂತ್ರಾಂಶವಾದ್ದರಿಂದ ಹಣ ಕೊಡಬೇಕಿಲ್ಲ, ಜಾಹೀರಾತುಗಳ ಕಾಟವೂ ಇಲ್ಲ. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮೂರರಲ್ಲೂ ನಡೆಯುತ್ತದೆ. 2ರಿಂದ 10 ವರ್ಷದ ಮಕ್ಕಳಿಗೆಂದು ನೂರಕ್ಕೂ ಹೆಚ್ಚು ಚಟುವಟಿಕೆಗಳಿರುವುದೇ ಇದರ ಬಲ, ಅದೇ ಇದರ ತೊಡಕೂ ಹೌದು: ಎಲ್ಲವನ್ನೂ ತೆರೆದಿಟ್ಟರೆ ಮಗು ಒಂದರಿಂದ ಇನ್ನೊಂದಕ್ಕೆ ಹಾರುತ್ತ ಯಾವುದರಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಸೆಟ್ಟಿಂಗ್ಸಿಗೆ ಹೋಗಿ ಕಠಿಣತೆಯ ಮಟ್ಟವನ್ನು ಮಿತಿಗೊಳಿಸಿ. ಆರು ನಕ್ಷತ್ರದ ಮಟ್ಟಗಳಲ್ಲಿ ಮೊದಲ ಮೂರು 2ರಿಂದ 6 ವರ್ಷದವರಿಗೆ, ಉಳಿದ ಮೂರು ಅದಕ್ಕಿಂತ ದೊಡ್ಡವರಿಗೆ. ಹಿನ್ನೆಲೆ ಸಂಗೀತವನ್ನು ನಿಲ್ಲಿಸಿಬಿಡಿ, ಏಕೆಂದರೆ ಮಗು ಬಾಯಿಬಿಟ್ಟು ಎಣಿಸುವುದು ನಿಮಗೆ ಕೇಳಿಸಬೇಕು. ಒಂದು ವಾರಕ್ಕೆ ನಾಲ್ಕೈದು ಚಟುವಟಿಕೆ ಸಾಕು.

ಮೌಸ್ ಹಿಡಿದು ಗೊತ್ತಿಲ್ಲದ ಮಗುವಿಗೆ ಅಕ್ಷರ, ಅಂಕಿಗಳ ಆಟವನ್ನು ಮೊದಲ ದಿನವೇ ಕೊಡಬಾರದು. ಉತ್ತರ ಗೊತ್ತಿದ್ದೂ ಕೈ ತಪ್ಪಿದರೆ ತನಗೆ ಬರುವುದಿಲ್ಲವೆಂದೇ ಅದು ತಿಳಿಯುತ್ತದೆ. ಮೌಸ್ ಆಡಿಸಿದಂತೆ ಮುಸುಕು ಅಳಿಸಿ ಕೆಳಗಿನ ಚಿತ್ರ ಕಾಣಿಸುವ ಆಟವೂ ಜಿಕಾಂಪ್ರಿಯಲ್ಲಿದೆ; ನಾಲ್ಕೈದು ದಿನ ಅದನ್ನೇ ಆಡಲಿ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಎಳೆಯ ಬೆರಳುಗಳಿಗೆ ಒಗ್ಗುವುದಿಲ್ಲವಾದ್ದರಿಂದ ವಯರಿನ ಸಣ್ಣ ಮೌಸ್ ಒಂದನ್ನು ತನ್ನಿ, ಬಾಣದ ಗುರುತನ್ನು ದೊಡ್ಡದು ಮಾಡಿ, ಅದರ ವೇಗ ತಗ್ಗಿಸಿ. ಯಾವ ಗುಂಡಿ ಒತ್ತಬೇಕೆಂಬ ಗೊಂದಲ ನಮ್ಮ ಮನೆಯಲ್ಲಿ ಬಗೆಹರಿದದ್ದು ಎಡಗುಂಡಿಯ ಮೇಲೆ ಅಂಟಿಸಿದ ಒಂದು ಕೆಂಪು ಟಿಕಳಿಯಿಂದ.

ಭಾಷೆಯ ವಿಚಾರದಲ್ಲಿ ಹೆಚ್ಚು ಎಚ್ಚರ ಬೇಕು. ಒಂದು ಆಟದ ಪರದೆಯ ಬರಹ ಕನ್ನಡದಲ್ಲಿದ್ದರೂ ಅದರ ಧ್ವನಿ ಬೇರೆ ಭಾಷೆಯದಾಗಿರಬಹುದು, ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ. ಕನ್ನಡದ ಧ್ವನಿ ಇಲ್ಲದಿದ್ದರೆ ಆಟದ ದನಿಯನ್ನು ಮುಚ್ಚಿ ನೀವೇ ಪಕ್ಕದಲ್ಲಿ ಕುಳಿತು ಹೇಳಿ. ಇನ್ನು ವರ್ಣಮಾಲೆ ಕಲಿಸುವ ಮೊಬೈಲ್ ಆ್ಯಪ್‌ಗಳು ಬಹುತೇಕ ‘ಅ, ಆ, ಇ, ಈ’ ಎಂದು 49 ಅಕ್ಷರಗಳ ಸಾಲು ಹಿಡಿದು ಹೊರಡುತ್ತವೆ. ನಮ್ಮ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಯ ನಲಿ-ಕಲಿಯಲ್ಲಿ ಕಲಿಕೆಯ ಕ್ರಮ ಅದಲ್ಲ. ಅಲ್ಲಿ ಮಗು ‘ರ, ಗ, ಸ, ದ, ಅ’ ಎಂಬ ಸರಳ ಆಕಾರಗಳಿಂದ ಆರಂಭಿಸಿ ಕೆಲವೇ ದಿನಗಳಲ್ಲಿ ‘ಸರ’, ‘ಅರಸ’, ‘ಗರಗಸ’ ಎಂದು ಓದತೊಡಗುತ್ತದೆ. ಶಾಲೆಯಲ್ಲಿ ಒಂದು ದಾರಿ, ಮನೆಯಲ್ಲಿ ಇನ್ನೊಂದು ದಾರಿ ಎಂದಾದರೆ ಮಗು ಸೋಲುತ್ತದೆ. ಹಾಗಾಗಿ ಅಕ್ಷರಗಳನ್ನು ನಿಮಗೆ ಬೇಕಾದ ಕ್ರಮದಲ್ಲಿ ಆರಿಸಿಕೊಳ್ಳಲು ಬಿಡದ ಆ್ಯಪನ್ನು ನಾನಂತೂ ಬಳಸುವುದಿಲ್ಲ.

ಅಕ್ಷರಕ್ಕೆ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಅಕ್ಷರ ಕಲಿಸುತ್ತೇನೆಂದು ಹೇಳಿಕೊಳ್ಳದ ‘ಟಕ್ಸ್ ಪೇಂಟ್’. 2002ರಲ್ಲಿ ಮೊದಲು ಬಿಡುಗಡೆಯಾದ ಈ ಉಚಿತ ಚಿತ್ರ ಬಿಡಿಸುವ ತಂತ್ರಾಂಶ 3ರಿಂದ 12 ವರ್ಷದವರಿಗೆಂದು ರೂಪಿಸಿದ್ದು. ಚಿತ್ರ ಉಳಿಸಲು ಇಲ್ಲಿ ಕಡತದ ಹೆಸರು ಕೇಳುವುದಿಲ್ಲ, ತೆರೆಯಲು ಚಿತ್ರಗಳ ಸಣ್ಣ ಪ್ರತಿಗಳೇ ಸಾಲಾಗಿ ಕಾಣುತ್ತವೆ. ಓದು ಬಾರದ ಮಗುವೂ ತನ್ನ ಚಿತ್ರವನ್ನು ತಾನೇ ಹುಡುಕಿಕೊಳ್ಳುತ್ತದೆ. ದಪ್ಪ ಕುಂಚದಿಂದ ತೆರೆಯ ತುಂಬ ಒಂದು ‘ರ’ ಬರೆಸಿ. ಮರುದಿನ ‘ದ’ ಬರೆದು, ಅದರ ಕೆಳಗೆ ಬೇರೆ ಬಣ್ಣದಲ್ಲಿ ಸಣ್ಣ ಗೀಟೆಳೆದು ‘ಧ’ ಮಾಡಿಸಿ, ಎರಡನ್ನೂ ಬಾಯಿಬಿಟ್ಟು ಹೇಳಿಸಿ; ‘ಬ’ ‘ಭ’ಗಳಿಗೂ ಇದೇ ಉಪಾಯ. ಪುಸ್ತಕದಲ್ಲಿ ಮಕ್ಕಳ ಕಣ್ಣಿಗೆ ಬೀಳದೆ ಹೋಗುವ ಆ ಗೀಟು ಇಲ್ಲಿ ತಾವೇ ಕೆಂಪಿನಲ್ಲಿ ಎಳೆದದ್ದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ. ಇದರೊಂದಿಗೆ ಬರುವ ಟಕ್ಸ್ ಪೇಂಟ್ ಕಾನ್ಫಿಗ್ ಎಂಬುದರಲ್ಲಿ ಪೂರ್ಣ ಪರದೆಯನ್ನು ಆರಿಸಿ, ಹೊರಬರುವ ಗುಂಡಿಯನ್ನು ಮತ್ತು ಪ್ರಿಂಟ್ ಗುಂಡಿಯನ್ನು ತೆಗೆದುಹಾಕಿದರೆ ನಡುವೆ ಯಾವ ಅಡಚಣೆಯೂ ಇರುವುದಿಲ್ಲ.

ಗಣಿತಕ್ಕೆ ಕನ್ನಡದಲ್ಲಿಯೇ ಬೇಕೆನ್ನುವವರು ಬೆಂಗಳೂರಿನ ಅಕ್ಷರ ಫೌಂಡೇಶನ್ನಿನ ‘ಬಿಲ್ಡಿಂಗ್ ಬ್ಲಾಕ್ಸ್’ ಎಂಬ ಉಚಿತ ಆಂಡ್ರಾಯ್ಡ್ ಆ್ಯಪನ್ನು ನೋಡಬಹುದು. ಒಂದನೆಯ ತರಗತಿಯಿಂದ ಶಾಲೆಯ ಪಾಠಕ್ಕೆ ಹೊಂದುವಂತೆ ಆಟಗಳಿವೆ, ಸಾಧಾರಣ ಫೋನಿನಲ್ಲೂ ನಡೆಯುತ್ತದೆ.

ಬೆಳಗಾವಿಯ ಅನೇಕ ಓಣಿಗಳಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ಮಕ್ಕಳು ಒಂದೇ ಕಟ್ಟೆಯ ಮೇಲೆ ಕೂಡಿ ಆಡುತ್ತಾರೆ. ಅಂಥ ಕಡೆ ಟ್ಯಾಬ್ ಇದ್ದರೆ ‘ಸ್ಕ್ರ್ಯಾಚ್ ಜೂನಿಯರ್’ ಹಾಕಿಕೊಡಿ. 5ರಿಂದ 7 ವರ್ಷದವರಿಗಾಗಿ 2014ರಲ್ಲಿ ಹೊರಬಂದ ಇದರಲ್ಲಿ ಚಿತ್ರದ ತುಂಡುಗಳನ್ನು ಸಾಲಾಗಿ ಜೋಡಿಸಿದರೆ ಬೆಕ್ಕು ನಡೆಯುತ್ತದೆ, ಜಿಗಿಯುತ್ತದೆ. ಆಡಲು ಯಾವ ಭಾಷೆಯನ್ನೂ ಓದಬೇಕಿಲ್ಲ. ಹೇಳಿದಂತೆ ಬೆಕ್ಕು ಹೋಗದಿದ್ದರೆ ಯಾವ ತುಂಡು ತಪ್ಪಾಗಿದೆ ಎಂದು ಮೂವರೂ ಸೇರಿ ವಾದಿಸುತ್ತಾರೆ, ಆ ವಾದದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತದೆ. ಹೀಗೆ ತಪ್ಪನ್ನು ತಾವೇ ಹುಡುಕಿ ತಿದ್ದಿಕೊಳ್ಳುವ ಆಟ ಈ ವಯಸ್ಸಿಗೆ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ.

ಯಾವ ಆಟವನ್ನೇ ಆಗಲಿ ಇಂಟರ್‌ನೆಟ್ ಇರುವಾಗ ಇಳಿಸಿಕೊಂಡು, ಆಡುವಾಗ ಸಂಪರ್ಕ ತೆಗೆದುಬಿಡಿ. ಫೋನಿನಲ್ಲಾದರೆ ಏರೋಪ್ಲೇನ್ ಮೋಡ್ ಹಾಕಿದರೆ ಸಾಮಾನ್ಯವಾಗಿ ಜಾಹೀರಾತೂ ಬರುವುದಿಲ್ಲ, ಕರೆಯೂ ಬರುವುದಿಲ್ಲ. ಆ್ಯಪಿನ ವಿವರದಲ್ಲಿ ಒಳಗೆ ಖರೀದಿ ಇದೆಯೆಂದು ಬರೆದಿದ್ದರೆ ಅದನ್ನು ಬಿಟ್ಟುಬಿಡುವುದೇ ಕ್ಷೇಮ.

ಹೊತ್ತಿನ ಲೆಕ್ಕಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿ ಸ್ಪಷ್ಟವಾಗಿದೆ: 2ರಿಂದ 4 ವರ್ಷದ ಮಗು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಟಿವಿ, ಫೋನ್, ಆಟ ಎಲ್ಲವೂ ಸೇರಿ ಆ ಒಂದು ಗಂಟೆ ಎಂಬುದನ್ನು ಮರೆಯಬಾರದು. ನಮ್ಮಲ್ಲಿ ಆಟಕ್ಕೆ ಇಪ್ಪತ್ತು ನಿಮಿಷ. ಗಡಿಯಾರ ತೋರಿಸಿ ನಡುವೆ ಎಳೆದೆಬ್ಬಿಸಿದರೆ ಅಳು ಖಂಡಿತ. ಅದರ ಬದಲು ‘ಇವತ್ತು ಎರಡು ಆಟ’ ಎಂದು ಕೂರಿಸುವ ಮುನ್ನವೇ ಹೇಳಿ, ಎರಡನೆಯದು ಮುಗಿದಾಗ ಮಗುವಿನ ಕೈಯಿಂದಲೇ ಲ್ಯಾಪ್‌ಟಾಪ್ ಮುಚ್ಚಿಸಿ.

ಮುಚ್ಚಿದ ಮೇಲೆ ಆಟ ನೆಲಕ್ಕೆ ಇಳಿಯಬೇಕು. ಜಿಕಾಂಪ್ರಿಯಲ್ಲಿ ನೀರಿನ ಚಕ್ರದ ಒಂದು ಆಟವಿದೆ: ಸೂರ್ಯನನ್ನು ಮುಟ್ಟಿದರೆ ಮೋಡ, ಮೋಡವನ್ನು ಮುಟ್ಟಿದರೆ ಮಳೆ, ಆ ನೀರು ಶುದ್ಧವಾಗಿ ಮನೆಗೆ ಬಂದು ಪೆಂಗ್ವಿನ್ ಸ್ನಾನ ಮಾಡುತ್ತದೆ. ಆಲಮಟ್ಟಿಯ ಹಿನ್ನೀರನ್ನು ಕಂಡಿರುವ ನಮ್ಮ ಮಕ್ಕಳಿಗೆ, ನಮ್ಮ ನಳದ ನೀರು ಎಲ್ಲಿಂದ ಬರುತ್ತದೆ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು, ಮಾತು ಅರ್ಧ ಗಂಟೆ ನಡೆಯುತ್ತದೆ. ‘ನೈನ್ ಮೆನ್ಸ್ ಮೋರಿಸ್’ ಎಂಬ ಹೆಸರಿನಲ್ಲಿ ಅದೇ ತಂತ್ರಾಂಶದಲ್ಲಿರುವುದು ಹಿರಿಯರು ಕಟ್ಟೆಯ ಮೇಲೆ ಆಡುವ ಸಾಲುಮನೆ ಆಟವೇ. ಏಳೆಂಟು ವರ್ಷದ ಮಗು ತೆರೆಯ ಮೇಲೆ ನಿಯಮ ಕಲಿತರೆ ಸುಣ್ಣದ ಕಡ್ಡಿಯಿಂದ ಮನೆ ಬರೆದು ಅಜ್ಜನ ಜೊತೆ ಆಡಲಿ.

ಒಂದು ಮಟ್ಟ ಮುಗಿಯಿತೆಂದು ತಿಳಿಯಲು ಆಟ ಕೊಡುವ ಅಂಕಗಳನ್ನು ನೋಡಬೇಕಿಲ್ಲ. ನೆರೆಮನೆಯ ಆ ಹುಡುಗಿ ಒಂದು ದಿನ ಆರು ಹಣ್ಣು ಇದ್ದ ಕಡೆ ನನ್ನ ಮುಖ ನೋಡುತ್ತ ಒಂಬತ್ತು ಒತ್ತಿದಳು, ಆಟ ಮುಂದೆ ಹೋಗದ್ದನ್ನು ಕಂಡು ನಕ್ಕು, ತಿರುಗಿಯೂ ನೋಡದೆ ಆರು ಒತ್ತಿದಳು. ಸೆಟ್ಟಿಂಗ್ಸಿಗೆ ಹೋಗಿ ಇನ್ನೊಂದು ನಕ್ಷತ್ರವನ್ನು ಸೇರಿಸಿದೆ.