ಹಾಸ್ಟೆಲ್ ವೈಫೈಗೆ ಮ್ಯಾಕ್ ಅಡ್ರೆಸ್ ಕೇಳಿದರಾ? ಹುಡುಕುವುದು ಹೀಗೆ

ಅಕ್ಕನ ಮಗಳು ಹಾಸ್ಟೆಲ್ ಸೇರಿದ ವಾರವೇ ಫೋನ್ ಮಾಡಿದಳು. 'ಚಿಕ್ಕಮ್ಮ, ವೈಫೈ ಬೇಕಂದ್ರೆ ಮ್ಯಾಕ್ ಅಡ್ರೆಸ್ ಬರೆದುಕೊಡಬೇಕಂತೆ. ಕೊಟ್ಟು ಎರಡು ದಿನ ಆಯ್ತು, ಕನೆಕ್ಟೇ ಆಗ್ತಿಲ್ಲ.' ಫಾರ್ಮಿನ ಫೋಟೊ ತರಿಸಿ ನೋಡಿದೆ. ಬರೆದದ್ದು ಸರಿಯಾಗಿಯೇ ಇತ್ತು. ಆದರೆ ಅವಳ ಫೋನ್ ಆ ವೈಫೈಗೆ ತೋರಿಸುತ್ತಿದ್ದ ನಂಬರೇ ಬೇರೆ. ಬರೆದುಕೊಟ್ಟ ನಂಬರ್ ಅಲ್ಲದಿದ್ದರೆ ಆ ವೈಫೈ ಒಳಗೆ ಬಿಡುವುದಿಲ್ಲ.

ಮ್ಯಾಕ್ ಅಡ್ರೆಸ್ ಎಂದರೆ ವೈಫೈ ಚಿಪ್ಪಿಗೋ ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಕಾರ್ಡಿಗೋ ತಯಾರಿಸುವಾಗಲೇ ಕೊಟ್ಟ ಗುರುತಿನ ನಂಬರ್. ಎ4-83-1ಬಿ-0ಡಿ-7ಇ-52, ಹೀಗಿರುತ್ತದೆ. ಆರು ಜೋಡಿ, ಒಟ್ಟು 12 ಅಕ್ಷರ. ಮೊದಲ ಮೂರು ಜೋಡಿ ಸಾಮಾನ್ಯವಾಗಿ ತಯಾರಕರ ಗುರುತು. ಅದನ್ನು ಕಂಪನಿಗಳಿಗೆ ಹಂಚುವುದು ಐಇಇಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ.

ಇದರಲ್ಲಿ 0ಯಿಂದ 9, ಇಂಗ್ಲಿಷಿನ ಎಯಿಂದ ಎಫ್ ಬಿಟ್ಟು ಬೇರೇನೂ ಬರುವುದಿಲ್ಲ. ಹಾಗಾಗಿ ದುಂಡಗೆ ಕಂಡದ್ದು ಯಾವಾಗಲೂ ಸೊನ್ನೆಯೇ, ಓ ಅಲ್ಲ. ಕೈಯಲ್ಲಿ ಬರೆಯುವಾಗ 8 ಮತ್ತು ಬಿ ಒಂದೇ ಥರ ಕಾಣುತ್ತವೆ, ಅಲ್ವಾ? ಬಿಡಿಸಿ ಬರೆಯಿರಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು 'ನೆಟ್‌ವರ್ಕ್ ಅಂಡ್ ಇಂಟರ್‌ನೆಟ್', ಆಮೇಲೆ 'ವೈಫೈ', ಅದರೊಳಗೆ 'ಹಾರ್ಡ್‌ವೇರ್ ಪ್ರಾಪರ್ಟೀಸ್' ಒತ್ತಿ. 'ಫಿಸಿಕಲ್ ಅಡ್ರೆಸ್' ಎಂಬ ಸಾಲೇ ನಿಮಗೆ ಬೇಕಾದದ್ದು. ಇನ್ನೊಂದು ದಾರಿ ಕಮಾಂಡ್ ಪ್ರಾಂಪ್ಟ್, ಅಂದರೆ ಕಂಪ್ಯೂಟರಿಗೆ ಆದೇಶ ಟೈಪ್ ಮಾಡಿ ಕೊಡುವ ಕಿಟಕಿ. ಜಿ, ಇ, ಟಿ, ಎಂ, ಎ, ಸಿ ಈ ಆರು ಅಕ್ಷರಗಳನ್ನು ಜಾಗ ಬಿಡದೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಆದರೆ ಅಲ್ಲಿ ಒಂದಕ್ಕಿಂತ ಜಾಸ್ತಿ ನಂಬರ್ ಬರಬಹುದು. ವೈಫೈಗೆ ಒಂದು, ಕೇಬಲ್ಲಿಗೆ ಇನ್ನೊಂದು. ಹೊಸಬರಿಗೆ ಸೆಟ್ಟಿಂಗ್ಸ್ ದಾರಿಯೇ ವಾಸಿ.

ಫೋನಿನಲ್ಲಿ ಮಾತ್ರ ಸ್ವಲ್ಪ ಎಚ್ಚರ ಬೇಕು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಈಚೆಗೆ ಫೋನ್‌ಗಳು ಒಂದೊಂದು ವೈಫೈಗೂ ಒಂದೊಂದು ನಂಬರ್ ತಾವೇ ಹುಟ್ಟಿಸಿಕೊಂಡು ತೋರಿಸುತ್ತವೆ. ನೀವು ಎಲ್ಲೆಲ್ಲಿ ಓಡಾಡಿದಿರಿ ಎಂದು ಆ ನಂಬರ್ ಹಿಡಿದು ಯಾರೂ ಪತ್ತೆ ಹಚ್ಚಬಾರದು ಎಂಬುದಕ್ಕೆ ಈ ಏರ್ಪಾಡು. ಒಳ್ಳೆಯದೇ. ಆದರೆ 'ಅಬೌಟ್ ಫೋನ್' ಒಳಗೆ ಸಿಗುವ ನಂಬರ್ ಬರೆದುಕೊಟ್ಟರೆ ನಮ್ಮ ಹುಡುಗಿಗೆ ಆದದ್ದೇ ಆಗುತ್ತದೆ.

ಆದ್ದರಿಂದ ಮೊದಲು ವೈಫೈ ಪಟ್ಟಿಗೆ ಹೋಗಿ. ಆಂಡ್ರಾಯ್ಡ್‌ನಲ್ಲಿ ಆ ವೈಫೈ ಹೆಸರಿನ ಪಕ್ಕದ ಹಲ್ಲುಚಕ್ರದ ಗುರುತು ಒತ್ತಿ, 'ಪ್ರೈವೆಸಿ' ಒಳಗೆ 'ಯೂಸ್ ಡಿವೈಸ್ ಮ್ಯಾಕ್' ಆರಿಸಿ. ಫೋನಿನಿಂದ ಫೋನಿಗೆ ಪದಗಳು ಸ್ವಲ್ಪ ಬದಲಾಗಬಹುದು. ಐಫೋನಿನಲ್ಲಿ ಹೆಸರಿನ ಪಕ್ಕದ 'ಐ' ಒತ್ತಿ, 'ಪ್ರೈವೇಟ್ ವೈಫೈ ಅಡ್ರೆಸ್' ಆಫ್ ಮಾಡಿ. ಅದಾದ ಮೇಲೆ ಅಲ್ಲೇ ಕಾಣುವ ನಂಬರನ್ನು ಬರೆದುಕೊಳ್ಳಿ. ಹಾಸ್ಟೆಲ್ ವೈಫೈಗೆ ಮಾತ್ರ ಹೀಗೆ ಮಾಡಿದರೆ ಸಾಕು. ಬಸ್ ಸ್ಟ್ಯಾಂಡು, ಹೋಟೆಲುಗಳ ವೈಫೈಗೆ ಫೋನ್ ಹುಟ್ಟಿಸಿದ ನಂಬರೇ ಇರಲಿ.

ಬರೆದದ್ದು ಅಸಲಿಯೋ ಅಲ್ಲವೋ ಎಂದು ಅನುಮಾನವೇ? ಎರಡನೇ ಅಕ್ಷರ ನೋಡಿ. ಅದು 2, 6, ಎ ಅಥವಾ ಇ ಆಗಿದ್ದರೆ ಫೋನ್ ತಾನೇ ಹುಟ್ಟಿಸಿದ್ದು ಎಂದುಕೊಳ್ಳಬಹುದು. ಅಕ್ಕನ ಮಗಳ ವೈಫೈ ಪುಟದಲ್ಲಿ ಆ ಜಾಗದಲ್ಲಿ 6 ಇತ್ತು. 'ಡಿವೈಸ್ ಮ್ಯಾಕ್' ಆರಿಸಿ ಮತ್ತೆ ಕನೆಕ್ಟ್ ಮಾಡಿಸಿದೆ. ಹೊಸ ಫಾರ್ಮ್ ಕೂಡ ಬೇಕಾಗಲಿಲ್ಲ.